ಶೀಲಕ್ಕ ಹೊಲಿದ ಮಂಗಲ

ಐವರ್ನಾಡಿನ ಶೀಲಾವತಿ ಹೊಲಿಗೆ ಕಲಿತದ್ದು ರವಕೆಯಿಂದಲ್ಲ, ಜೀಪಿನ ಟರ್ಪಾಲಿನಿಂದ. ಗಂಡ ಜತ್ತಪ್ಪ ಗೌಡರು ಬೆಳ್ಳಾರೆಗೂ ಸುಳ್ಯಕ್ಕೂ ನಡುವೆ ಬಾಡಿಗೆ ಜೀಪು ಓಡಿಸುತ್ತಿದ್ದ ಕಾಲದಲ್ಲಿ ಒಮ್ಮೆ ಅದರ ಹಿಂಬದಿಯ ಪರದೆ ಉದ್ದಕ್ಕೆ ಸೀಳಿತು. ಕುಶನ್ ಅಂಗಡಿಯವನು ನಾಳೆ, ನಾಡಿದ್ದು ಎಂದು ಸತಾಯಿಸಿದ. ಶೀಲಾವತಿ ಗೋಣಿ ಹೊಲಿಯುವ ದಬ್ಬಣ ಹಿಡಿದು ಅಂಗಳದಲ್ಲೇ ಕುಳಿತು ಹೊಲಿದುಬಿಟ್ಟರು. ಹೊಲಿಗೆ ಚಂದ ಇರಲಿಲ್ಲ, ಆದರೆ ನೀರು ಒಳಗೆ ಬರಲಿಲ್ಲ. ಅದನ್ನು ನೋಡಿ ಇನ್ನೊಬ್ಬ ಜೀಪಿನವರು ಬಂದರು, ಅವರ ಹಿಂದೆ ಒಬ್ಬ ಪಿಕಪ್ಪಿನವರು. ಕೆಲವು ವರ್ಷಗಳಲ್ಲಿ ಮನೆಯ ಪಕ್ಕದಲ್ಲಿ ರಬ್ಬರ್ ಶೀಟು ಒಣಗಿಸುತ್ತಿದ್ದ ಕೋಣೆ ಖಾಲಿಯಾಗಿ, ಅಲ್ಲಿಗೆ ದಪ್ಪ ಸೂಜಿಯ ಹಳೇ ಮೆಷಿನ್ ಒಂದು ಬಂತು. ಊರಿನವರ ಬಾಯಲ್ಲಿ ಅವರು ಶೀಲಕ್ಕ ಆದರು.

ಶೀಲಕ್ಕನ ಕೆಲಸದ ಕ್ರಮ ಒಂದೇ. ಹಳೆಯದನ್ನು ತರಬೇಕು. ಅವರು ಅದನ್ನು ಬಿಚ್ಚಿ, ನೆಲದಲ್ಲಿ ಹರಡಿ, ಅದರ ಹಾಗೆಯೇ ಹೊಸದನ್ನು ಕತ್ತರಿಸುವರು. ಎಲ್ಲಿ ಮಡಿಕೆ ಇತ್ತೋ ಅಲ್ಲೇ ಮಡಿಕೆ, ಎಲ್ಲಿ ಹಗ್ಗ ತೂರಿಸುವ ಕಣ್ಣು ಇತ್ತೋ ಅಲ್ಲೇ ಕಣ್ಣು. ತನ್ನದೊಂದು ಬುದ್ಧಿ ಅದರಲ್ಲಿ ಹಾಕುವುದಿಲ್ಲ. ಹಾಗಾಗಿ ಅವರ ಕೈಯಿಂದ ಹೋದ ಟರ್ಪಾಲು ಜೀಪಿಗೆ ಕೂರಲಿಲ್ಲ ಎಂದು ಯಾರೂ ವಾಪಸು ತಂದದ್ದಿಲ್ಲ. ಅವರ ಜೊತೆ ಕೆಲಸಕ್ಕೆ ಇದ್ದದ್ದು ನೆರೆಮನೆಯ ಸೊಸೆ ದೀಕ್ಷಿತಾ ಒಬ್ಬಳೇ.

ಕೊರೊನಾ ಕಳೆದು ಅಂಗಡಿಗಳು ಮತ್ತೆ ಬಾಗಿಲು ತೆರೆದ ಮೇಲೆ ಒಂದು ಬೆಳಿಗ್ಗೆ ಪುತ್ತೂರಿನಿಂದ ಅಹ್ಮದ್ ಕುಂಞಿ ಬಂದರು. ದರ್ಬೆಯಲ್ಲಿ ಟರ್ಪಾಲು, ಹಗ್ಗ, ಹಸಿರು ನೆಟ್ಟು ಮಾರುವವರು. ಶೀಲಕ್ಕನಿಗೆ ಬೇಕಾದ ಬಟ್ಟೆಯೆಲ್ಲ ಅವರ ಅಂಗಡಿಯದ್ದೇ. ಅವರ ಭಾವ ಶಾರ್ಜಾದಲ್ಲಿ ಡೇರೆಯ ಸಾಮಾನಿನ ಅಂಗಡಿ ಇಟ್ಟಿದ್ದ. ಅಹ್ಮದ್ ಕುಂಞಿ ಒಂದು ಪ್ಲಾಸ್ಟಿಕ್ ಚೀಲದಿಂದ ಒಂದು ವಸ್ತುವನ್ನು ಹೊರಗೆ ತೆಗೆದರು. ಕೈಯನ್ನು ಒಳಗೆ ತೂರಿಸುವಂಥ, ಮೊಣಕೈಯಿಂದ ಮಣಿಕಟ್ಟಿನವರೆಗೆ ಬರುವ ಕೊಳವೆ. ಒಳಗೆ ಕ್ಯಾನ್ವಾಸ್, ನಡುವೆ ಗಟ್ಟಿಯಾಗಿ ತುಂಬಿದ ಹತ್ತಿ, ಹೊರಗೆ ಜಮಖಾನದಂಥ ದಪ್ಪ ಬಟ್ಟೆ. ಎರಡೂ ತುದಿ ತೆರೆದಿತ್ತು. ಬಳಸಿ ಬಳಸಿ ಬಣ್ಣ ಹೋಗಿತ್ತು.

"ಶೀಲಕ್ಕ, ಇದರ ಹಾಗೆ ಮಾಡ್ಲಿಕ್ಕೆ ಆಗ್ತದಾ?"

"ಎಂತ ಇದು?"

"ಮಂಗಲ."

"ಮಂಗಲವಾ?"

"ಹೌದು ಮಾರಾಯ್ರೆ, ಅದೇ ಹೆಸರು. ನಾನೂ ನಂಬ್ಲಿಲ್ಲ. ಭಾವ ಫೋನಿನಲ್ಲಿ ಎರಡು ಸಲ ಹೇಳಿದ. ಅರಬಿಗಳು ಎಡಗೈಗೆ ಹಾಕುದಂತೆ."

"ಎಂತಕ್ಕೆ?"

"ಅದು ನಾನು ಕೇಳ್ಲಿಲ್ಲ. ಅಲ್ಲಿ ಒಳ್ಳೆ ಬೇಡಿಕೆ ಉಂಟಂತೆ."

ಎಂತಕ್ಕೆ ಎಂದು ಕೇಳದೆ ಇದ್ದದ್ದು ಅಹ್ಮದ್ ಕುಂಞಿಯ ತಪ್ಪು. ಹೆಸರು ಕೇಳಿದ ಮೇಲೆ ಮತ್ತೆ ಕೇಳದೆ ಇದ್ದದ್ದು ಶೀಲಕ್ಕನದ್ದು. ಮಂಗಲ ಎಂದ ಮೇಲೆ ಕೇಳಲಿಕ್ಕೆ ಎಂತ ಉಂಟು? ದೀಕ್ಷಿತಾ ಆ ಕೊಳವೆಯನ್ನು ತನ್ನ ಕೈಗೆ ಹಾಕಿ ತಿರುಗಿಸಿ ನೋಡಿ, "ಮದುಮಗ ಹಾಕುದಿರಬೇಕು, ಧಾರೆಯ ಹೊತ್ತಿಗೆ," ಎಂದಳು. ಇಬ್ಬರಿಗೂ ಅದು ಸರಿ ಎಂದು ಕಂಡಿತು. ಮರುದಿನದಿಂದ ಚಪ್ಪಲಿ ಹೊರಗೆ ಬಿಟ್ಟು ಕೋಣೆಗೆ ಬರುವುದು ಸುರುವಾಯಿತು. ಕತ್ತರಿಸಿದ ತುಂಡುಗಳನ್ನು ನೆಲಕ್ಕೆ ಹಾಕದೆ ಮಣೆಯ ಮೇಲೆ ಇಟ್ಟರು. ಮೆಷಿನ್ನಿನ ಪಕ್ಕ ಒಂದು ದೀಪ ಹಚ್ಚಿದರು. ಅಮಾವಾಸ್ಯೆಯಂದು ಹೊಲಿಯಲಿಲ್ಲ.

ಜತ್ತಪ್ಪ ಗೌಡರು ಬಾಗಿಲಲ್ಲಿ ನಿಂತು, "ನನ್ನ ಜೀಪಿನ ಟರ್ಪಾಲಿಗೆ ಒಂದು ಊದುಬತ್ತಿ ಕೂಡ ಹಚ್ಚಿದ್ದಿಲ್ಲ ನೀನು," ಎಂದರು.

"ನಿಮ್ಮ ಜೀಪಿನಲ್ಲಿ ಬೀಡಿ ಹೊಗೆ ಸಾಕಷ್ಟು ಉಂಟು," ಎಂದರು ಶೀಲಕ್ಕ.

ಕೆಲಸದಲ್ಲಿ ಒಂದೇ ಒಂದು ಜಾಗ ಅವರನ್ನು ಕಾಡಿತು. ಕೊಳವೆಯ ಮೇಲ್ಭಾಗದಲ್ಲಿ ಒಂದು ತಗ್ಗು. ಮಣಿಕಟ್ಟಿನ ಕಡೆಗೆ ಸ್ವಲ್ಪ ಇಳಿಜಾರಾಗಿ, ಅಂಗೈಯಗಲ. ಹತ್ತಿ ತುಂಬಿದ ಮೇಲೆ ಅಂಥ ತಗ್ಗು ನಿಲ್ಲುವುದಿಲ್ಲ, ಉಬ್ಬಿ ಬರುತ್ತದೆ. ಶೀಲಕ್ಕ ಬಿಚ್ಚಿದರು, ಮತ್ತೆ ತುಂಬಿದರು. ಕಡೆಗೆ ಆ ಜಾಗದಲ್ಲಿ ದಬ್ಬಣದಿಂದ ಅಡ್ಡಡ್ಡ ಗುಪ್ತ ಹೊಲಿಗೆ ಹಾಕಿ ಹತ್ತಿಯನ್ನು ಕೆಳಗೆಳೆದು ಕಟ್ಟುವ ಉಪಾಯ ಹೊಳೆಯಿತು. ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಕಣ್ಣು ಮುಚ್ಚಿ ಮುಟ್ಟಿದರೆ ಯಾವುದು ಯಾವುದೆಂದು ದೀಕ್ಷಿತಾಳಿಗೆ ತಿಳಿಯಲಿಲ್ಲ. ಶೀಲಕ್ಕನಿಗೆ ತನ್ನ ಕೆಲಸದ ಬಗ್ಗೆ ಅಷ್ಟು ಹೆಮ್ಮೆಯಾದದ್ದು ಅದೇ ಮೊದಲು. ಮೊದಲ ಕಂತು ಅರಶಿನದ ಬಟ್ಟೆಯಲ್ಲಿ ಕಟ್ಟಿ ಶಾರ್ಜಾಕ್ಕೆ ಹೋಯಿತು.

ವಾಪಸು ಬಂದದ್ದು ಗೋಣಿಯಲ್ಲಿ.

ಅಹ್ಮದ್ ಕುಂಞಿ ಗೋಣಿಯನ್ನು ಜಗಲಿಯಲ್ಲಿ ಇಳಿಸಿ ಅದರ ಕಟ್ಟು ಬಿಚ್ಚಿದರು. ಮೇಲಿನದ್ದೇ ಒಂದು ಮಂಗಲ ಉದ್ದಕ್ಕೆ ಹರಿದಿತ್ತು, ಅದರ ತುದಿಯಲ್ಲಿ ಕಪ್ಪಗೆ ಒಣಗಿದ ಕಲೆ. ಶೀಲಕ್ಕ ಅದನ್ನು ಎತ್ತಿ ಮೂಸಿದರು.

"ರಕ್ತ ಅಲ್ವಾ ಇದು?"

"ಹೌದು ಅಕ್ಕ. ಅಲ್ಲಿ ಕೆಲಸಕ್ಕಿದ್ದ ಕಾಸರಗೋಡಿನ ಹುಡುಗನದ್ದು. ಹಕ್ಕಿ ಜಾರಿ ಅವನ ಬೆರಳು ಹಿಡಿದುಬಿಟ್ಟಿತಂತೆ. ಹೊಲಿಗೆ ಹಾಕಿದ್ದಾರೆ."

"ಹಕ್ಕಿ?"

"ಗಿಡುಗ. ಬೇಟೆಯ ಗಿಡುಗವನ್ನು ಕೂರಿಸ್ಲಿಕ್ಕೆ ಕೈಗೆ ಹಾಕುದು ಇದು. ನನಗೂ ಈಗಲೇ ಗೊತ್ತಾದದ್ದು."

ದೀಕ್ಷಿತಾ ನಗು ತಡೆಯಲಾಗದೆ ಒಳಗೆ ಓಡಿದಳು. ಶೀಲಕ್ಕ ನಗಲಿಲ್ಲ. ಹಕ್ಕಿಯ ಕಾಲಿಗೆ ತಾನು ದೀಪ ಹಚ್ಚಿದ್ದು ಅವರಿಗೆ ದೊಡ್ಡ ಸಂಗತಿಯಾಗಲಿಲ್ಲ. ತನ್ನ ಹೊಲಿಗೆಯಿಂದ ಒಬ್ಬನ ಬೆರಳಿಗೆ ಹೊಲಿಗೆ ಬಿದ್ದದ್ದು ಆಯಿತು. ಗೋಣಿಯಿಂದ ಒಂದೊಂದನ್ನೇ ತೆಗೆದು ಹಳೆಯದರ ಪಕ್ಕ ಇಟ್ಟು ನೋಡಿದರು. ಎಲ್ಲಿಯೂ ವ್ಯತ್ಯಾಸ ಇರಲಿಲ್ಲ.

"ಇದರಲ್ಲಿ ಹಕ್ಕಿ ಕೂತದ್ದನ್ನು ಕಣ್ಣಾರೆ ನೋಡಿದವರು ಇಲ್ಲಿ ಯಾರಾದ್ರೂ ಉಂಟಾ?" ಎಂದು ಕೇಳಿದರು.

ಅಹ್ಮದ್ ಕುಂಞಿ ಯೋಚಿಸಿ, ತನ್ನ ತಾಯಿಯ ಅಣ್ಣನೇ ಒಬ್ಬರಿದ್ದಾರೆ ಎಂದರು. ಮೊಯ್ದಿನಬ್ಬ, ಕಡಬದಲ್ಲಿ ಮನೆ. ಹರೆಯದಲ್ಲಿ ಅರಬಿಸ್ತಾನಕ್ಕೆ ಹೋಗಿ ಒಂದು ದೊಡ್ಡ ಮನೆತನದ ಗಿಡುಗಗಳನ್ನು ನೋಡಿಕೊಂಡು, ತಲೆ ಹಣ್ಣಾದ ಮೇಲೆ ಊರಿಗೆ ಬಂದವರು. ಹಜ್ಜಿಗೂ ಹೋಗಿ ಬಂದಿದ್ದರು. ಮನೆಯವರಿಗೇ ಆ ಕೆಲಸದ ನೆನಪು ಮಾಸಿತ್ತು. ಯಾರಾದರೂ ಕೇಳಿದರೆ "ಕೋಳಿ ಸಾಕುತ್ತಿದ್ದರು" ಎಂದು ನಗುತ್ತಿದ್ದರು.

ಆಟಿ ತಿಂಗಳು, ನಡು ಮಳೆಗಾಲ. ಟರ್ಪಾಲಿನ ಕೆಲಸವೆಲ್ಲ ಮುಗಿದು ಬಿಡುವಾಗಿತ್ತು. ಜತ್ತಪ್ಪ ಗೌಡರ ಜೀಪಿನಲ್ಲೇ ಗಂಡಹೆಂಡತಿ ಕಡಬಕ್ಕೆ ಹೋದರು. ಅಹ್ಮದ್ ಕುಂಞಿ ದಾರಿಯಲ್ಲಿ ಹತ್ತಿಕೊಂಡರು.

ಮೊಯ್ದಿನಬ್ಬ ಎತ್ತರದ ಆಳು, ಬೆನ್ನು ಮಾತ್ರ ಸ್ವಲ್ಪ ಬಾಗಿತ್ತು. ಬಂದ ಸಂಗತಿ ಕೇಳಿ ಒಂದು ಮಂಗಲವನ್ನು ಎಡಗೈಗೆ ಏರಿಸಿಕೊಂಡು ಮುಷ್ಟಿ ಮುಂದೆ ಮಾಡಿ, ಮೊಣಕೈಯನ್ನು ಪಕ್ಕೆಗೆ ಒತ್ತಿ ನಿಂತರು. ಕೈ ತಾನಾಗಿಯೇ ಆ ಆಕಾರಕ್ಕೆ ಬಂದದ್ದನ್ನು ಶೀಲಕ್ಕ ಗಮನಿಸಿದರು. ಆಮೇಲೆ ಮುದುಕರು ಅಂಗಳದ ಕಡೆ ತಿರುಗಿ ಸೊಸೆಯನ್ನು ಕೂಗಿ, "ಹುಂಜ ಹಿಡ್ಕೊಂಡು ಬಾ," ಎಂದರು.

ಕೆಂಪು ಹುಂಜ ಅದು, ಸಿಟ್ಟಿನದ್ದು. ಅದನ್ನು ಕೈಯ ಮೇಲೆ ಕೂರಿಸಿದ್ದೇ ತಡ, ಮಣಿಕಟ್ಟಿನ ಕಡೆಗೆ ಜಾರಿ, ರೆಕ್ಕೆ ಬಡಿದು, ಜತ್ತಪ್ಪ ಗೌಡರ ಹೆಗಲಿಗೆ ಹಾರಿ, ಅಲ್ಲಿಂದ ಜೀಪಿನ ಒಳಗೆ ಹೋಯಿತು. ಜತ್ತಪ್ಪ ಗೌಡರು ಬೈಯುತ್ತಾ ಅದರ ಹಿಂದೆ ಹೋದರು. ಮೊಯ್ದಿನಬ್ಬ ನಗಲಿಲ್ಲ. ಬಲಗೈಯ ಹೆಬ್ಬೆರಳಿನಿಂದ ಕೊಳವೆಯ ತಗ್ಗನ್ನು ಒತ್ತಿ ನೋಡುತ್ತಿದ್ದರು.

"ಇದು ಯಾಕೆ ಇಲ್ಲಿ ಹೀಗೆ?"

"ಸ್ಯಾಂಪಲಿನಲ್ಲಿ ಇತ್ತಲ್ಲ ಹಾಜಿಯವ್ರೆ, ಹಾಗೆಯೇ ಮಾಡಿದ್ದು," ಎಂದರು ಶೀಲಕ್ಕ, ಹಳೆಯದನ್ನು ಮುಂದೆ ಹಿಡಿದು.

ಮೊಯ್ದಿನಬ್ಬ ಹಳೆಯದನ್ನು ತೆಗೆದುಕೊಂಡು ತುಂಬ ಹೊತ್ತು ನೋಡಿದರು. "ತಾಯೀ, ಇದು ಮಾಡಿದ ತಗ್ಗಲ್ಲ. ವರ್ಷಗಟ್ಟಲೆ ಹಕ್ಕಿ ಕೂತು ಕೂತು ಆದದ್ದು. ಹಿಡಿದವನ ಕೈ ಮುಂದಕ್ಕೆ ಬಾಗ್ತಾ ಇತ್ತು, ಹಾಗಾಗಿ ಇಳಿಜಾರು. ಹೊಸದು ಉರುಟಾಗಿ, ಸುತ್ತ ಒಂದೇ ಸಮ ಇರಬೇಕು. ಹಕ್ಕಿಯೇ ತನಗೆ ಬೇಕಾದ ಹಾಗೆ ಮಾಡಿಕೊಳ್ತದೆ. ಕಾಲು ಜಾರಿತು ಅಂದ್ರೆ ಅದಕ್ಕೆ ಹೆದರಿಕೆ, ಹೆದರಿದ್ರೆ ಉಗುರು ಬಿಗಿಯುದು. ಆ ಹುಡುಗನ ಬೆರಳು ಸಿಕ್ಕಿದ್ದು ಹಾಗೆ."

ಶೀಲಕ್ಕ ಬೆರಳಿನಿಂದ ಆ ತಗ್ಗನ್ನು ಮುಟ್ಟಿದರು. ಯಾವ ಜಾಗಕ್ಕಾಗಿ ಅಷ್ಟು ಸಲ ಬಿಚ್ಚಿ ಹೊಲಿದಿದ್ದರೋ ಅದು ಸವೆದ ಜಾಗ ಆಗಿತ್ತು. ಸವೆತವನ್ನು ಅವರು ಒಂದೊಂದಕ್ಕೂ ಪ್ರಾಮಾಣಿಕವಾಗಿ ಹೊಲಿದು ಕೊಟ್ಟಿದ್ದರು.

ಚಾ ಬಂತು. ಆಗ ಶೀಲಕ್ಕ, ಆವರೆಗೆ ಬಾಯಿಗೆ ಬರದೆ ಉಳಿದಿದ್ದ ಪ್ರಶ್ನೆಯನ್ನು ಕೇಳಿದರು. "ಹಕ್ಕಿ ಕೂರುವ ಸಾಮಾನಿಗೆ ಮಂಗಲ ಅಂತ ಯಾಕೆ ಹೆಸರಿಟ್ಟದ್ದು?"

"ಅದು ನಿಮ್ಮ ಮಂಗಲ ಅಲ್ಲ," ಎಂದರು ಮೊಯ್ದಿನಬ್ಬ. "ಬರೆಯುವಾಗ ಮನ್ಕಲ. ಆ ಕಡೆಯವರ ಬಾಯಲ್ಲಿ ಗಂಟಲಿನ 'ಕ' ಹೋಗಿ 'ಗ' ಆಗ್ತದೆ. ಅರಬಿಯಲ್ಲಿ ನಕಲ್ ಅಂದ್ರೆ ಇಲ್ಲಿಂದ ಅಲ್ಲಿಗೆ ಸಾಗಿಸುದು. ಗಿಡುಗ ನಡೆಯುವ ಹಕ್ಕಿ ಅಲ್ಲ. ಗೂಟದಿಂದ ಕಾರಿಗೆ, ಕಾರಿನಿಂದ ಮರುಭೂಮಿಗೆ, ಅಲ್ಲಿಂದ ಪುನಃ ಮನೆಗೆ, ಎಲ್ಲ ಮನುಷ್ಯನ ಕೈಯ ಮೇಲೆಯೇ. ಸಾಗಿಸುವಂಥದ್ದು, ಹಾಗಾಗಿ ಮಂಗಲ."

ಶೀಲಕ್ಕನ ಮುಖದಲ್ಲಿ ಅರ್ಥವಾದ ಲಕ್ಷಣ ಕಾಣದೆ ಅವರು ಮುಂದುವರಿಸಿದರು. "ಆಟಿಯಲ್ಲಿ ನೀವು ಚೆನ್ನೆಮಣೆ ಆಡುದಿಲ್ವಾ? ಒಂದು ಗುಳಿಯ ಕಾಯಿ ಹೆಕ್ಕಿ ಮುಂದಿನ ಗುಳಿಗಳಿಗೆ ಒಂದೊಂದೇ ಹಾಕ್ತಾ ಹೋಗುದು. ಅಂಥದ್ದೇ ಆಟ ಅರಬಿಗಳಲ್ಲಿಯೂ ಉಂಟು. ಅದರ ಹೆಸರೂ ಮನ್ಕಲ. ಕಾಯಿ ಸಾಗಿಸುವ ಆಟ. ಮತ್ತೆ, ತಾಲೂಕು ಆಫೀಸಿನಲ್ಲಿ ಪಹಣಿಯ ನಕಲು ಕೊಡ್ತಾರಲ್ಲ? ಅದೂ ಅದೇ ಶಬ್ದ. ಒಂದು ಕಾಗದದಲ್ಲಿ ಇದ್ದದ್ದನ್ನು ಇನ್ನೊಂದು ಕಾಗದಕ್ಕೆ ಸಾಗಿಸಿದ್ದು."

"ಇದೆಲ್ಲ ನಿಮಗೆ ಯಾರು ಹೇಳಿಕೊಟ್ಟದ್ದು?" ಎಂದರು ಅಹ್ಮದ್ ಕುಂಞಿ, ಮಾವನನ್ನು ಹೊಸಬರಂತೆ ನೋಡುತ್ತಾ.

"ನನ್ನ ಯಜಮಾನರು. ಡೇರೆಯಲ್ಲಿ ಮಾಡ್ಲಿಕ್ಕೆ ಬೇರೆ ಕೆಲಸ ಎಂತ ಇತ್ತು? ಅವರು ಶಬ್ದ ಹೇಳುದು, ನಾನು ಕೇಳುದು."

ಹುಂಜವನ್ನು ಹಿಡಿದುಕೊಂಡು ಬಂದ ಜತ್ತಪ್ಪ ಗೌಡರು ಅರ್ಧ ಮಾತು ಕೇಳಿದ್ದರು. "ಸಾಗಿಸುದು ಮಂಗಲ ಅಂತಾದ್ರೆ ನನ್ನ ಜೀಪು ಕೂಡ ಮಂಗಲವೇ," ಎಂದರು. ಆಗ ಮೊಯ್ದಿನಬ್ಬ ನಕ್ಕರು.

ಹೊರಡುವ ಮೊದಲು ಶೀಲಕ್ಕ ಅವರ ಗಿಡುಗಗಳ ಬಗ್ಗೆ ಕೇಳಿದರು. ಹಿಂದಿನ ಕಾಲದಲ್ಲಿ ಚಳಿಗೆ ಮೊದಲು ಹಿಡಿದದ್ದನ್ನು ಬೇಸಿಗೆಗೆ ಮೊದಲು ಬಿಟ್ಟುಬಿಡುವ ಕ್ರಮ ಇತ್ತಂತೆ, ಸೆಕೆಯಲ್ಲಿ ಸಾಕುವುದು ಕಷ್ಟ ಎಂದು. ಕೆಲವನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದರು. ಹಾಗೆ ಉಳಿದ ಒಂದು ಬಿಳಿ ಹೆಣ್ಣು ಗಿಡುಗವನ್ನು ಮೊಯ್ದಿನಬ್ಬ ಅದು ಸಾಯುವವರೆಗೆ ಹೊತ್ತಿದ್ದರು. "ಊರಿಗೆ ಬಂದು ವರ್ಷ ಕಳೆದರೂ ಎಡಗೈ ಮಡಚಿಯೇ ನಡೀತಿದ್ದೆ. 'ಅದರಲ್ಲಿ ಯಾರು ಕೂತಿದ್ದಾರೆ ಅಂತ ಹಾಗೆ ಹಿಡಿದದ್ದು?' ಅಂತ ನನ್ನ ಹೆಂಡತಿ ಬೈತಿದ್ದಳು." ಹೇಳುವಾಗ ಅವರ ಸ್ವರದಲ್ಲಿ ದುಃಖವೇನೂ ಇರಲಿಲ್ಲ. ಹವೆಯ ಬಗ್ಗೆ ಮಾತಾಡಿದ ಹಾಗಿತ್ತು.

ವಾಪಸು ಬರುವ ದಾರಿಯಲ್ಲಿ, ಪಂಜ ದಾಟಿದ ಮೇಲೆ ಶೀಲಕ್ಕ, "ಹೆಸರು ನಮ್ಮದಲ್ಲವಂತೆ," ಎಂದರು. ಜತ್ತಪ್ಪ ಗೌಡರು ಗೇರು ಬದಲಿಸಿದರು.

ಸುದ್ದಿ ಊರಲ್ಲಿ ಹರಡಿತು. ನೆರೆಯ ತೋಟದ ಕೃಷ್ಣಮೋಹನ ಭಟ್ಟರು ಹಾಲಿನ ಡೈರಿಯಲ್ಲಿ ಸಿಕ್ಕಿದವರು, "ಶೀಲಾವತೀ, ಅದು ಹಿಂಸೆಯ ಸಾಮಾನು ಮಾರಾಯ್ತಿ. ಒಂದು ಹಕ್ಕಿಯಿಂದ ಇನ್ನೊಂದನ್ನು ಕೊಲ್ಲಿಸುದು. ನಿನಗೆ ಟರ್ಪಾಲು ಸಾಲದಾ?" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

"ಭಟ್ರೆ, ನಮ್ಮಲ್ಲಿ ಕೋಳಿ ಕೊಯ್ತಾರೆ. ನಾನು ಬೇರೆಯವರಿಗೆ ಹಿಂಸೆ ಅಂತ ಹೇಳಿದ್ರೆ ಕೋಳಿ ನಗಬಹುದು," ಎಂದರು ಶೀಲಕ್ಕ.

ಭಟ್ಟರೂ ನಕ್ಕು, ಹಿಂದೆ ಕನ್ನಡ ನಾಡಿನ ಅರಸರೂ ಗಿಡುಗ ಬಿಟ್ಟು ಬೇಟೆಯಾಡುತ್ತಿದ್ದರು, ಸಾಳುವ ಎಂದರೆ ಬೇಟೆಯ ಗಿಡುಗವೇ ಎಂದು ತಾವು ಓದಿದ್ದನ್ನು ಹೇಳಿದರು. "ಹಾಗಾದ್ರೆ ಅವರು ಕೈಗೆ ಹಾಕುತ್ತಿದ್ದದ್ದಕ್ಕೆ ಎಂತ ಹೇಳ್ತಿದ್ರು?" ಎಂದು ಶೀಲಕ್ಕ ಕೇಳಿದರು. ಭಟ್ಟರು ಹುಡುಕುತ್ತೇನೆ ಎಂದರು. ಹುಡುಕಿದರಂತೆ ಕೂಡ, ಹಕ್ಕಿಗೆ ಹೆಸರುಗಳು ಸಿಕ್ಕಿದವು, ಕೈಯದ್ದಕ್ಕೆ ಸಿಗಲಿಲ್ಲ.

ಹೊಲಿಯುವುದು ಬಿಡಬೇಕು ಎಂದು ಶೀಲಕ್ಕನಿಗೆ ಅನಿಸಲಿಲ್ಲ. ಹೊಲಿದದ್ದು ಸರಿಯಾಗಬೇಕು ಎಂಬುದೊಂದೇ ತಲೆಯಲ್ಲಿ. ತಗ್ಗು ತೆಗೆದು ಉರುಟು ಮಾಡುವುದು ಸುಲಭ. ಆದರೆ ಹರಿದ ಮಂಗಲದಲ್ಲಿ ಉಗುರು ಹತ್ತಿಯನ್ನು ದಾಟಿ ಒಳಗಿನ ಕ್ಯಾನ್ವಾಸಿಗೂ ಇಳಿದಿತ್ತು. ಮೊದಲು ರಬ್ಬರ್ ಶೀಟಿನ ಒಂದು ಪದರ ಕೊಟ್ಟು ನೋಡಿದರು. ತನ್ನ ಕೈಗೆ ಹಾಕಿ ಬಿಸಿಲಲ್ಲಿ ನಿಂತರೆ ಕೈ ಬೆಂದ ಹಾಗಾಯಿತು. ಮರುಭೂಮಿಯಲ್ಲಿ ಯಾರು ಹಾಕುತ್ತಾರೆ ಇದನ್ನು ಎಂದು ಕಿತ್ತು ಬಿಸಾಡಿದರು.

ಅವರ ತವರು ಕೊಲ್ಲಮೊಗ್ರು. ಅಪ್ಪ ಅಡಿಕೆ ಹಾಳೆಯ ಮುಟ್ಟಾಳೆ, ಅಂದರೆ ಗದ್ದೆಗೆ ಇಳಿಯುವಾಗ ಇಡುವ ಟೊಪ್ಪಿ, ಮಾಡುವುದರಲ್ಲಿ ಹೆಸರಾದವರು. ಹಾಳೆಯನ್ನು ನೀರಲ್ಲಿ ನೆನೆಹಾಕಿದರೆ ಬಟ್ಟೆಯ ಹಾಗೆ ಬಾಗುತ್ತದೆ, ಒಣಗಿದರೆ ಬಾಗಿದ ಹಾಗೆಯೇ ನಿಲ್ಲುತ್ತದೆ. ಶೀಲಕ್ಕ ಒಂದು ಹಾಳೆ ನೆನೆಸಿ, ಒನಕೆಗೆ ಸುತ್ತಿ, ಬಳ್ಳಿಯಿಂದ ಬಿಗಿದು ನೆರಳಲ್ಲಿ ಇಟ್ಟರು. ಒಣಗಿದ ಮೇಲೆ ಒನಕೆ ಎಳೆದರೆ ಕೈಯಲ್ಲಿ ಹಗುರವಾದ ಕೊಳವೆ. ದಬ್ಬಣ ಒತ್ತಿದರು, ಸುಲಭದಲ್ಲಿ ಇಳಿಯಲಿಲ್ಲ. ಅದನ್ನು ಕ್ಯಾನ್ವಾಸಿಗೂ ಹತ್ತಿಗೂ ನಡುವೆ ಕೂರಿಸಿದರು. ಹೊರಗಿನ ಜಮಖಾನವನ್ನು ಮಗುಚಿ ಅದರ ಒರಟು ಮೈಯನ್ನು ಮೇಲೆ ಮಾಡಿದರು, ಕಾಲಿಗೆ ಹಿಡಿತ ಸಿಗಲಿ ಎಂದು.

ಅದನ್ನು ಹಿಡಿದುಕೊಂಡು ಮತ್ತೆ ಕಡಬಕ್ಕೆ ಹೋದರು. ಹುಂಜ ಈ ಸಲವೂ ಹಾರಿತು, ಆದರೆ ಜಾರಲಿಲ್ಲ. ಸ್ವಲ್ಪ ಹೊತ್ತು ಕುಳಿತು, ಸುತ್ತ ನೋಡಿ, ಒಮ್ಮೆ ಕೂಗಿಯೇ ಹಾರಿತು. ಮೊಯ್ದಿನಬ್ಬ ಕೈ ಕೆಳಗಿಳಿಸದೆ ಇನ್ನೂ ಒಂದಷ್ಟು ಹೊತ್ತು ಹಾಗೇ ನಿಂತು, "ಆಗಬಹುದು," ಎಂದರು.

ಹೊಸ ಕಂತು ಹೋಗಿ ಕೆಲವು ವಾರಗಳಲ್ಲಿ ಅಹ್ಮದ್ ಕುಂಞಿಯ ಫೋನಿಗೆ ಒಂದು ಧ್ವನಿಸಂದೇಶ ಬಂತು. ಅದೇ ಕಾಸರಗೋಡಿನ ಹುಡುಗ. "ಚೇಚಿ, ಇದು ಜಾರುದಿಲ್ಲ. ಒಳಗೆ ಎಂತ ಹಾಕಿದ್ದೀರಿ ಅಂತ ಎಲ್ಲರೂ ಕೇಳ್ತಿದ್ದಾರೆ," ಎಂದು ಮಲಯಾಳದಲ್ಲಿ ಹೇಳಿದ್ದ. ಶೀಲಕ್ಕ ಫೋನನ್ನು ಬಾಯಿಯ ಹತ್ತಿರ ಹಿಡಿದು ಒಳಗೆ ಎಂತ ಉಂಟು ಎಂದು ಹೇಳಲಿಲ್ಲ. "ಬೆರಳು ಹೇಗುಂಟು?" ಎಂದು ಮಾತ್ರ ಕೇಳಿದರು. ಗುಣವಾಗಿದೆ, ಮಡಚುವಾಗ ಸ್ವಲ್ಪ ನೋವು ಎಂದು ಉತ್ತರ ಬಂತು. ಅವರ ಮನಸ್ಸು ಹಗುರಾದದ್ದು ಆ ದಿನ.

ಆಮೇಲೆ ಚಳಿಗಾಲದ ಬೇಟೆಯ ದಿನಗಳಿಗೆ ಮೊದಲು ಪ್ರತಿ ವರ್ಷವೂ ಕೆಲಸ ಬರುತ್ತಿದೆ. ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ. ದೀಪ, ಮಣೆ ಎಲ್ಲ ನಿಂತಿದೆ. ಚಪ್ಪಲಿ ಹೊರಗೆ ಬಿಡುವುದು ಮಾತ್ರ ಅಭ್ಯಾಸವಾಗಿ ಉಳಿದಿದೆ, ಕೋಣೆ ಚೊಕ್ಕ ಇರುತ್ತದೆ ಎಂದು.

ಮೊಯ್ದಿನಬ್ಬ ಕಳೆದ ವರ್ಷ ತೀರಿಕೊಂಡರು. ಶೀಲಕ್ಕ, ಜತ್ತಪ್ಪ ಗೌಡರು ಹೋಗಿ ಮನೆಯವರನ್ನು ಕಂಡು ಬಂದರು. ಅವರ ಮನೆಯಲ್ಲಿ ಈಗ ಯಾರೂ ಕೋಳಿಯ ಮಾತು ಹೇಳಿ ನಗುವುದಿಲ್ಲ.

ಈ ವರ್ಷ ಅಹ್ಮದ್ ಕುಂಞಿ ಹೊಸದೊಂದು ಕೇಳಿಕೊಂಡು ಬಂದರು. ಚೀಲದಲ್ಲಿ ಮೆತ್ತಗಿನ ಚರ್ಮದ ತುಂಡುಗಳು, ಫೋನಿನಲ್ಲಿ ನಾಲ್ಕು ಕಡೆಯಿಂದ ತೆಗೆದ ಫೋಟೋ. ಗಿಡುಗದ ತಲೆಗೆ ಹಾಕಿ ಕಣ್ಣು ಮುಚ್ಚುವ ಟೊಪ್ಪಿ. ಅದಕ್ಕೆ ಬುರ್ಕ ಎಂದು ಹೆಸರು. ಕಣ್ಣು ಮುಚ್ಚಿದರೆ ಹಕ್ಕಿ ಗಾಬರಿಯಾಗದೆ ಕೈಯಲ್ಲಿ ಸುಮ್ಮನೆ ಕೂರುತ್ತದಂತೆ.

"ಇದು ಮಂಗಲದಿಂದ ಸುಲಭ ಶೀಲಕ್ಕ. ಚಿಕ್ಕದು."

ಶೀಲಕ್ಕ ಚರ್ಮವನ್ನು ಬೆರಳಿನ ನಡುವೆ ತಿಕ್ಕಿ ನೋಡಿದರು. ಫೋಟೋವನ್ನು ದೊಡ್ಡದು ಮಾಡಿ ನೋಡಿದರು. "ಒಳಗಿನ ಹೊಲಿಗೆ ಕಣ್ಣಿಗೆ ಎಷ್ಟು ದೂರ ಇರಬೇಕು?"

"ಸ್ಯಾಂಪಲ್ ತರಿಸುವ ಬೇಕಾದ್ರೆ."

"ಸ್ಯಾಂಪಲಿನಲ್ಲಿ ಅದು ಗೊತ್ತಾಗುದಿಲ್ಲ. ಹಕ್ಕಿಯ ತಲೆ ಮುಟ್ಟಿದವರು ಹೇಳಬೇಕು. ಹಾಜಿಯವರು ಇದ್ದಿದ್ರೆ ಕೇಳ್ಬಹುದಿತ್ತು."

"ಅಲ್ಲಿ ಆ ಹುಡುಗ ಇದ್ದಾನಲ್ಲ, ಫೋನಿನಲ್ಲಿ—"

"ಬೇಡ. ದಾರ ಕಣ್ಣಿಗೆ ತಾಗಿ ಅದು ಕುರುಡಾದ್ರೆ ಆ ಹುಡುಗನನ್ನೇ ಬೈತಾರೆ. ಕೈ ಆದ್ರೆ ಹೊಲಿಗೆ ಹಾಕ್ಬಹುದು. ಬೇರೆ ಯಾರಿಗಾದ್ರೂ ಕೊಡಿ."

ಅಹ್ಮದ್ ಕುಂಞಿ ಚರ್ಮದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಚೀಲಕ್ಕೆ ತುಂಬಿದರು. ಶೀಲಕ್ಕ ಮೆಷಿನ್ನಿನಿಂದ ಎದ್ದು, ಚಾ ಕುಡಿದೇ ಹೋಗಬೇಕು ಎಂದು ಹೇಳಿ ಒಳಗೆ ಹೋದರು.